ಒದ್ದೆ ಮರಳಿನಲ್ಲಿಟ್ಟ ಮದ್ದು

ಸಾದಲಿಯ ಕದಿರಮ್ಮ ರೇಷ್ಮೆಹುಳುಗಳ ನಡುವೆಯೇ ಬೆಳೆದವಳು. ನಲವತ್ತು ದಾಟಿದ ಮೇಲೆ ಅದೇ ಹುಳುಮನೆಯ ದೂಳು ಅವಳ ಎದೆ ಹಿಂಡತೊಡಗಿತು. ಹುಳ ಬಿಡು ಎಂದರು ಎಲ್ಲರೂ.

"ಗಂಡ ಹೋದ ಮೇಲೆ ನನ್ನ ಸಾಕಿದ್ದೇ ಹುಳ. ಅದನ್ನ ಬಿಟ್ಟು ಗೋಡೆ ನೋಡ್ಕೊಂಡು ಕೂರ್ಲಾ?" ಎಂದಳು.

ಆ ದೂಳಿನ ಸಾರವನ್ನೇ ಚೂರುಚೂರೇ ಮೈಗೆ ರೂಢಿ ಮಾಡಿಸುವ ಚುಚ್ಚುಮದ್ದು ಇದೆ ಎಂದು ಶಿಡ್ಲಘಟ್ಟದ ಡಾಕ್ಟರ್ ವೇಣು ಹೇಳಿದಾಗ ಒಪ್ಪಿದಳು. ವಾರ ವಾರ ಅಳತೆ ಏರಿತು. ಬಾಟಲಿಯನ್ನು ಮನೆಯಲ್ಲಿ ಕಾಪಾಡಿ ತರುವ ಕೆಲಸ ತಮ್ಮ ಕೆಂಪರಾಜುವಿನದು. ಡಾಕ್ಟರು ಕೇಳಿದಾಗಲೆಲ್ಲ, "ತಣ್ಣಗೇ ಇಟ್ಟಿದೀನಿ ಸಾರ್" ಎನ್ನುತ್ತಿದ್ದ.

ಬೇಸಿಗೆಯ ಕೊನೆಗೆ ಆ ಬಾಟಲಿ ಮುಗಿಯಿತು. ಡಾಕ್ಟರು ತಮ್ಮ ಫ್ರಿಜ್ಜಿನಿಂದ ಹೊಸದನ್ನು ತೆಗೆದು, ಹಳೆಯ ಅಳತೆಯಲ್ಲೇ ಚುಚ್ಚಿದರು.

ಕೆಂಡ ತುಳಿದ ಹಾಗೆ ಅಂಗಾಲು ಉರಿಯಿತು. ತುಟಿ ಊದಿತು. ಗಂಟಲಿಗೆ ಹಗ್ಗ ಬಿಗಿದಂತಾಯಿತು. ಕದಿರಮ್ಮ ಕುರ್ಚಿಯಿಂದ ಉರುಳಿದಳು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು.

ಡಾಕ್ಟರು ಇನ್ನೊಂದು ಸೂಜಿ ತುಂಬಿಕೊಂಡು ಓಡಿಬಂದರು. ಕೆಂಪರಾಜು ಅವರ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಅಪ್ಪಳಿಸಿದ. "ಕೊಂದುಬಿಟ್ಟೆಯಲ್ಲೋ ನಮ್ಮಕ್ಕನ್ನ!"

ಬಿಡಿಸಲು ಬಂದ ನರ್ಸ್ ಮೌನಿಕಾಳನ್ನೂ ನೂಕಿದ. ಔಷಧಿ ಬೀರು ಉರುಳಿ ಗಾಜು ಪುಡಿಯಾಯಿತು.

"ಇದು ಉಳಿಸೋ ಮದ್ದು ಕಣಪ್ಪಾ, ಬಿಡು!" ಡಾಕ್ಟರ ದನಿ ಅರ್ಧವೇ ಹೊರಟಿತು.

"ಇನ್ನೊಂದು ಚುಚ್ತೀಯಾ? ಕೈ ಮುರೀತೀನಿ!"

ಕದಿರಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು, ಮಾತು ಮಾತ್ರ ಹೊರಡುತ್ತಿರಲಿಲ್ಲ. ಮುನೇಶ್ವರಾ ಎಂದು ಒಳಗೊಳಗೇ ಕೂಗಿ, ಗಾಜಿನ ಚೂರುಗಳ ಮೇಲೆ ತೆವಳಿ, ತಮ್ಮನ ಮೀನಖಂಡಕ್ಕೆ ಬಾಯಿ ಹಾಕಿದಳು. ಹಲ್ಲು ಮಾಂಸಕ್ಕಿಳಿಯುವವರೆಗೂ ಕಚ್ಚಿದಳು. ಅವನು ಚೀರಿ ಕೈ ಬಿಟ್ಟ. ಡಾಕ್ಟರು ಅವಳ ತೊಡೆಗೆ ಸೂಜಿ ಇಳಿಸಿದರು.

ಉಸಿರು ಮೆಲ್ಲಗೆ ಮರಳಿತು.

"ಹಳೇ ಬಾಟಲಿ ಎಲ್ಲಿಟ್ಟಿದ್ದೆ?" ಡಾಕ್ಟರ ಕುತ್ತಿಗೆಯ ಮೇಲೆ ಬೆರಳ ಗುರುತು ಕೆಂಪಗಿತ್ತು.

"ಹುಳದ ಮೊಟ್ಟೆ ಇಡೋ ಗಡಿಗೇಲಿ ಸಾರ್, ಒದ್ದೆ ಮರಳಲ್ಲಿ. ಮೊಟ್ಟೇನೇ ಕೆಡಲ್ಲ ಅದ್ರಲ್ಲಿ."

ಡಾಕ್ಟರು ಖಾಲಿ ಸೂಜಿಯನ್ನು ಕೆಳಗಿಟ್ಟರು. "ಎಲ್ಲಾ ಬಾಟಲಿಗೂ ಒಂದೇ ಬಲ ಇರ್ಲಿ ಅಂತ ಅಳೆದು ತಯಾರು ಮಾಡ್ತಾರೆ. ನಿನ್ನ ಗಡಿಗೇಲಿ ಆ ಬಲ ಸತ್ತುಹೋಗಿತ್ತು. ಸತ್ತ ಮದ್ದಿನ ಅಳತೇಲಿ ನಾನು ಬದುಕಿದ್ದನ್ನ ಚುಚ್ಚಿಬಿಟ್ಟೆ. ಹೊಸ ಬಾಟಲಿಗೆ ಅಳತೆ ಇಳಿಸ್ಬೇಕಿತ್ತು. ಅದು ನನ್ನ ತಪ್ಪು."

ಕೆಂಪರಾಜು ಕಾಲು ಹಿಡಿದುಕೊಂಡು ಅಳುತ್ತಿದ್ದ. "ನಾಯಿ ಕಚ್ಚಿದಂಗೆ ಕಚ್ಚಿದೆಯಲ್ಲೇ ಅಕ್ಕಾ."

"ನಾಯಿಗಾದ್ರೂ ಬುದ್ಧಿ ಇರುತ್ತೆ ಕಣೋ." ಊದಿದ ತುಟಿಯಲ್ಲೇ ಬೈದು, ಕದಿರಮ್ಮ ಡಾಕ್ಟರ ಕಡೆ ತಿರುಗಿದಳು. "ನಾನು ಹುಳ ಬಿಡಲ್ಲ ಸಾರ್. ಮೈ ಸರಿಹೋದ್ಮೇಲೆ ಸಣ್ಣ ತೊಟ್ಟಿಂದ ಮತ್ತೆ ಶುರು ಮಾಡಿ. ಬಾಟಲಿ ನಿಮ್ಮತ್ರಾನೇ ಇರ್ಲಿ. ಈಗ ಮೊದ್ಲು ಇವನಿಗೊಂದು ಸೂಜಿ ಹಾಕಿ, ಕಾಲು ಕೀವಾದೀತು."