ಫ್ಯೂಸ್ ನನ್ನ ಜೇಬಿನಲ್ಲೇ ಇತ್ತು

ಆ ರಾತ್ರಿ ನಾನು ಫ್ಯೂಸ್ ತೆಗೆದಿದ್ದೆ. ತೆಗೆದು ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ಹಾಕಿಕೊಂಡಿದ್ದೆ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ, ಇದೊಂದನ್ನು ಮೊದಲೇ ಹೇಳಿಬಿಡಬೇಕು. ಕೇಳಿದವರೆಲ್ಲ ‘ಮರೆತಿರ್ತೀಯ ಬಿಡಮ್ಮ’ ಅಂತ ನಕ್ಕವರೇ. ನಗುವವರು ನಗಲಿ. ಅಲ್ಲಿ ನಿಂತು ನೋಡಿದವಳು ನಾನು, ಅವರಲ್ಲ.

ನನ್ನ ಹೆಸರು ಭಾಗ್ಯ, ಊರು ಗುಬ್ಬಿ. ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಹೆದ್ದಾರಿ ದೀಪಗಳ ರಿಪೇರಿ ಮಾಡುವ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೇರಿದೆ. ರಸ್ತೆಗೆ ಅಡ್ಡಲಾಗಿ, ಎತ್ತರದ ಕಬ್ಬಿಣದ ಕಮಾನಿನ ಮೇಲೆ ದೊಡ್ಡ ಬೋರ್ಡು ಇರುತ್ತದಲ್ಲ, ಎಡಕ್ಕೆ ಹೋದರೆ ಈ ಊರು, ನೇರ ಹೋದರೆ ಆ ಊರು ಅಂತ... ಅದರ ಮೇಲೆ ರಾತ್ರಿ ಬೆಳಕು ಬೀಳಲೆಂದು ಕೆಳಅಂಚಿನಲ್ಲಿ ಒಂದು ಸಾಲು ದೀಪ ಇಟ್ಟಿರುತ್ತಾರೆ. ಆ ದೀಪಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಅವು ಕೆಟ್ಟರೆ, ತಿರುವು ದಾಟಿ ಮುಂದೆ ಹೋದ ಮಹಾನುಭಾವರು ಹೆದ್ದಾರಿಯಲ್ಲೇ ರಿವರ್ಸ್ ಬರುತ್ತಾರೆ. ಹಿಂದೆ ಲಾರಿ ಬಂತೋ, ಮುಗಿಯಿತು.

ನಮ್ಮಲ್ಲಿ ಒಂದು ಕಟ್ಟುನಿಟ್ಟು. ಒಬ್ಬರು ಮೇಲೆ ಹೋದರೆ ಇನ್ನೊಬ್ಬರು ಕೆಳಗೆ ಇರಬೇಕು. ಕೆಳಗಿರುವವರು ಕಂಬದ ಬುಡದ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೇಲಿನವರು ಇಳಿಯುವ ತನಕ ದೇವರೇ ಬಂದು ಕೇಳಿದರೂ ಕೊಡಬಾರದು. ಮೇಲೆ ಬರಿಗೈಯಲ್ಲಿ ತಂತಿ ಹಿಡಿಯುವವರು ನಂಬುವುದು ಆ ಜೇಬನ್ನು ಮಾತ್ರ. ಆ ನಂಬಿಕೆ ಒಮ್ಮೆ ಹೋದರೆ ಆ ಮನುಷ್ಯನ ಕೈಲಿ ಫ್ಯೂಸ್ ಕೊಟ್ಟು ಯಾರೂ ಕಂಬ ಹತ್ತುವುದಿಲ್ಲ. ಹೆಣ್ಣು ಹುಡುಗಿಯ ಕೈಗೆ ನಮ್ಮ ಜೀವ ಕೊಡಬೇಕಾ ಅಂತ ಮೂಗು ಮುರಿದವರ ನಡುವೆ ನಾನು ಅದನ್ನು ಕಷ್ಟಪಟ್ಟು ಗಳಿಸಿದ್ದೆ.

ಅವತ್ತಿನ ಕೆಲಸ ಕುಣಿಗಲ್ ಬೈಪಾಸಿನ ಹತ್ತಿರದ ಬೋರ್ಡಿನದು. ಎಡಕ್ಕೆ ಕುಣಿಗಲ್, ತುಮಕೂರು, ನೇರಕ್ಕೆ ಹಾಸನ. ಕೇಬಲ್ ಸವೆದು ದೀಪಗಳು ಮಿಣುಕುತ್ತಿದ್ದವು. ಹಳೆ ಕೇಬಲ್ ಕತ್ತರಿಸಿ ಹೊಸದು ಹಾಕಬೇಕಿತ್ತು. ಮೇಲೆ ಹೋದದ್ದು ಅಮೃತೂರಿನ ಪುಟ್ಟಸ್ವಾಮಣ್ಣ. ನನಗೆ ಈ ಕೆಲಸ ಕಲಿಸಿದವರೇ ಅವರು, ಹತ್ತಲು ಹೆದರಿದವರಲ್ಲ. ಲಿಫ್ಟ್ ಗಾಡಿಯ ಡ್ರೈವರ್ ಲೋಕೇಶ ಅವರನ್ನು ತೊಟ್ಟಿಲಲ್ಲಿ ನಿಲ್ಲಿಸಿ ಮೇಲಕ್ಕೆ ಎತ್ತಿದ.

ನಾನು ಫ್ಯೂಸ್ ಕಿತ್ತು ಎತ್ತಿ ತೋರಿಸಿದೆ. ಅವರು ಟೆಸ್ಟರ್ ಇಟ್ಟು ನೋಡಿ, ಕರೆಂಟ್ ಇಲ್ಲ ಅಂತ ತಲೆಯಾಡಿಸಿದರು. ಆಮೇಲೆ ಕೇಬಲ್ ಕತ್ತರಿಸಿದ ಸದ್ದು ಕೇಳಿಸಿತು... ಕಟ್. ಅದರ ತುಂಡು ರಸ್ತೆಗೆ ಬಂದು ಬಿತ್ತು.

ಸುತ್ತ ಕತ್ತಲು. ವಾಹನಗಳೂ ಕಡಿಮೆಯಾಗಿದ್ದವು. ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ನನಗೆ ಒಂದು ವಾಸನೆ ಬಂತು. ಸುಟ್ಟ ಹುಳುವಿನ ವಾಸನೆ.

ಹಿಂದೆ ಇಲ್ಲಿ ಇದ್ದದ್ದು ಹಳೆಯ ಚೋಕ್ ದೀಪಗಳು. ಕಾಯ್ದ ಗಾಜಿಗೆ ಹುಳು ಬಡಿದು ಸುಟ್ಟು ಕರಕಲಾಗಿ, ಕೆಳಗೆ ನಿಂತರೆ ಹೀಗೇ ನಾರುತ್ತಿತ್ತು. ಅವನ್ನೆಲ್ಲ ಕಿತ್ತುಹಾಕಿ ಎಲ್‌ಇಡಿ ಹಾಕಿ ಎಷ್ಟೋ ಕಾಲವಾಗಿತ್ತು. ಎಲ್‌ಇಡಿಗೆ ಹುಳು ಸುಡುವುದಿಲ್ಲ. ಅದೂ ಆರಿದ ಎಲ್‌ಇಡಿಗೆ!

ಆಮೇಲೆ ಸದ್ದು... ಗುಂಯ್... ಚೋಕ್ ಶುರುವಾಗುವಾಗ ಬರುತ್ತಿದ್ದ ಸದ್ದು. ತಲೆ ಎತ್ತಿದೆ. ಬೋರ್ಡಿನ ಕೆಳಗಿನ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಎಲ್‌ಇಡಿ ಹೊತ್ತುವ ಹಾಗೆ ಫಕ್ಕನೆ ಅಲ್ಲ. ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ನಿಧಾನವಾಗಿ ಬಿಳುಪು... ಹಳೆ ದೀಪಗಳು ಏಳುತ್ತಿದ್ದ ಹಾಗೆಯೇ. ಕತ್ತರಿಸಿದ ಕೇಬಲ್ಲಿನ ತುಂಡು ನನ್ನ ಕಾಲ ಬುಡದಲ್ಲಿ ಬಿದ್ದಿತ್ತು.

ಬೆಳಕಿಗೆ ಪುಟ್ಟಸ್ವಾಮಣ್ಣನ ನೆರಳು ಬೋರ್ಡಿನ ಮೇಲೆ ದೊಡ್ಡದಾಗಿ ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು ನೆರಳು ಇತ್ತು. ತೊಟ್ಟಿಲಲ್ಲಿ ಇದ್ದದ್ದು ಅವರೊಬ್ಬರೇ. ಆ ನೆರಳು ಅವರ ಮಣಿಕಟ್ಟು ಹಿಡಿದಿತ್ತು.

“ಫ್ಯೂಸ್ ಹಾಕ್ಬುಟ್ಯೇನಮ್ಮ ಭಾಗ್ಯಾ...” ಅಂದರು ಅವರು. ಕೂಗಲಿಲ್ಲ. ಅಳುವ ದನಿಯಲ್ಲಿ ಕೇಳಿದರು.

ಕೈ ತಾನಾಗೇ ಜೇಬಿಗೆ ಹೋಯಿತು. ಫ್ಯೂಸ್ ಅಲ್ಲೇ ಇತ್ತು. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು. ನನ್ನನ್ನು ನಂಬಿ ಹತ್ತಿದ ಮನುಷ್ಯ ಅವರು. ಆ ನೆರಳಿಗೇ ಕಿರುಚಿದೆ.

“ಯಾವನಾದ್ರೂ ಆಗಿರು, ಅವರ ಕೈ ಬುಡು. ಬುಡು ಅಂದ್ರೆ ಬುಡಬೇಕು!”

ಗುಂಯ್ ಸದ್ದು ನಿಂತಿತು. ಬೆಳಕು ಬಂದ ಹಾಗೆಯೇ ನಿಧಾನವಾಗಿ ಕೆಂಪಾಗಿ, ಆರಿಹೋಯಿತು.

ಲೋಕೇಶ ತೊಟ್ಟಿಲು ಇಳಿಸಿದ. ಪುಟ್ಟಸ್ವಾಮಣ್ಣನ ಮೈ ಬೆವರಿನಲ್ಲಿ ತೊಯ್ದಿತ್ತು, ಆದರೆ ಒಂದು ಗೀರೂ ಇಲ್ಲ, ಶಾಕ್ ಹೊಡೆದ ಗುರುತೂ ಇಲ್ಲ. ಯಾರೋ ಮಣಿಕಟ್ಟು ಹಿಡ್ಕಂಡಿದ್ರು, ತಣ್ಣಗಿತ್ತು ಕೈ ಅಂತ ಒಂದೇ ಸಲ ಹೇಳಿದರು. ಲೋಕೇಶನಿಗೆ ನೆರಳು ಕಂಡಿರಲಿಲ್ಲ. ಬೆಳಕು ಮಾತ್ರ ಕಂಡಿತ್ತು. ಎಲ್ಲರೂ ಕೆಳಗೆ ಬಂದ ಮೇಲೆಯೇ, ನಿಯಮದ ಹಾಗೆ, ನಾನು ಫ್ಯೂಸನ್ನು ಪೆಟ್ಟಿಗೆಗೆ ವಾಪಸ್ ಹಾಕಿದೆ.

ಬೆಳಗ್ಗೆ ನಮ್ಮ ಆಫೀಸಿನ ಮ್ಯಾನೇಜರ್ ಕರೆಸಿದರು. ವಿಷಯ ಆಗಲೇ ಹರಡಿ, ಆ ಬೋರ್ಡಿಗೆ ಯಾರೂ ಹತ್ತುವುದಿಲ್ಲ ಅಂತ ಹುಡುಗರೆಲ್ಲ ಕೈ ಕಟ್ಟಿ ಕೂತಿದ್ದರು. ಮ್ಯಾನೇಜರ್ ನಯವಾಗಿಯೇ ಮಾತಾಡಿದರು. ಅವಸರದಲ್ಲಿ ಫ್ಯೂಸ್ ವಾಪಸ್ ಹಾಕಿಬಿಟ್ಟೆ ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿದರೆ ಸಾಕು, ದೆವ್ವದ ಗಲಾಟೆ ಅಲ್ಲಿಗೆ ಮುಗಿಯುತ್ತದೆ, ನನ್ನ ಕೆಲಸಕ್ಕೂ ತೊಂದರೆ ಇಲ್ಲ, ಆಫೀಸಿನಲ್ಲೇ ಕೂರಿಸುತ್ತೇನೆ ಅಂದರು.

ಕೇಬಲ್ಲೇ ಕತ್ತರಿಸಿದ ಮೇಲೆ ಫ್ಯೂಸ್ ಹಾಕಿದರೂ ದೀಪ ಹೇಗೆ ಹೊತ್ತುತ್ತದೆ ಸಾರ್ ಅಂತ ಕೇಳಿದೆ. ಪೂರ್ತಿ ಕತ್ತರಿಸಿರಲಿಕ್ಕಿಲ್ಲ ಅಂದರು. ಪಕ್ಕದಲ್ಲೇ ನಿಂತಿದ್ದ ಪುಟ್ಟಸ್ವಾಮಣ್ಣನ ಮುಖ ನೋಡಿದೆ. ಅವರು ನೆಲ ನೋಡುತ್ತಾ, ಇವಳೇ ಹಾಕಿರಬೇಕು, ಇನ್ನೇನಿರುತ್ತೆ ಅಂದುಬಿಟ್ಟರು. ನಿಜ ಗೊತ್ತಾದರೆ ಹೆಂಡತಿ ಈ ಕೆಲಸಕ್ಕೇ ಕಳಿಸುವುದಿಲ್ಲ ಅನ್ನುವ ಭಯ ಅವರಿಗೆ. ನನಗೆ ಅಳು ಬಂತು. ಅವರ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿ ನಿಂತೆ.

“ಮಾಡದಿರೋ ತಪ್ಪನ್ನ ಒಪ್ಕೊಳಲ್ಲ ಸಾರ್,” ಅಂದೆ. “ಇವತ್ತು ರಾತ್ರಿ ನಾನೇ ಹತ್ತುತ್ತೀನಿ. ಪುಟ್ಟಸ್ವಾಮಣ್ಣ ಫ್ಯೂಸ್ ಹಿಡ್ಕಳ್ಳಲಿ. ನೀವೂ ಬನ್ನಿ, ನಿಂತ್ಕೊಂಡು ನೋಡಿ.”

ಬಂದರು. ಹಗಲಲ್ಲಿ ಆ ರಸ್ತೆಯ ಒಂದು ಲೇನ್ ಮುಚ್ಚಲು ಬಿಡುವುದಿಲ್ಲ, ಹಾಗಾಗಿ ಮತ್ತೆ ರಾತ್ರಿಯೇ. ತೊಟ್ಟಿಲಲ್ಲಿ ನಿಂತು ಮೇಲೇರಿದೆ. ಬೋರ್ಡು ಕೆಳಗಿನಿಂದ ಕಂಡಷ್ಟು ಸಣ್ಣದಲ್ಲ. ಒಂದೊಂದು ಅಕ್ಷರವೂ ನನಗಿಂತ ಹೆಚ್ಚು ಕಮ್ಮಿ ಅರ್ಧ ಎತ್ತರ. ಕತ್ತಲಲ್ಲಿ ಅದರ ಮುಂದೆ ನಿಂತರೆ ಯಾರೋ ಎದುರಿಗೇ ನಿಂತ ಹಾಗಿರುತ್ತದೆ.

ಫ್ಯೂಸ್ ತೆಗೆದಿರಾ ಅಂತ ಕೂಗಿದೆ. ಹೂಂ ಅಂತ ಕೆಳಗಿನಿಂದ ಬಂತು. ಟೆಸ್ಟರ್ ಇಟ್ಟೆ, ಮಿಣುಕಲಿಲ್ಲ. ಗ್ಲೌಸ್ ಹಾಕಿಕೊಂಡರೆ ಸಣ್ಣ ಸ್ಕ್ರೂ ಕೈಗೆ ಸಿಗುವುದಿಲ್ಲ. ಬಿಚ್ಚಿಟ್ಟು ಬರಿಗೈಯಲ್ಲೇ ತಂತಿ ಹಿಡಿದೆ. ಒಂದು ಕೈ ತಂತಿಯಲ್ಲಿ, ಇನ್ನೊಂದು ಕಮಾನಿನ ಕಬ್ಬಿಣದ ಮೇಲೆ.

ಏನೂ ಆಗಲಿಲ್ಲ. ದೀಪ ಹೊತ್ತಲಿಲ್ಲ, ನೆರಳು ಕಾಣಲಿಲ್ಲ, ಯಾರೂ ನನ್ನನ್ನು ಮುಟ್ಟಲಿಲ್ಲ. ಸುಟ್ಟ ಹುಳುವಿನ ವಾಸನೆ ಮಾತ್ರ ಬರುತ್ತಿತ್ತು... ಕೆಲಸ ಮುಗಿಯುವ ತನಕ, ಮೂಗಿನ ಹತ್ತಿರವೇ. ನಾನು ಉಸಿರು ಬಿಗಿಹಿಡಿದು ಹೊಸ ಕೇಬಲ್ಲಿನ ಎಲ್ಲ ತುದಿಗಳನ್ನೂ ಸೇರಿಸಿ, ಸ್ಕ್ರೂ ಬಿಗಿದು, ಇಳಿಸು ಅಂತ ಲೋಕೇಶನಿಗೆ ಕೈ ಬೀಸಿದೆ.

ಕೆಳಗೆ ಮ್ಯಾನೇಜರ್ ಮುಖದಲ್ಲಿ ‘ನೋಡಿದ್ಯಾ’ ಅನ್ನುವ ನಗು. ಪುಟ್ಟಸ್ವಾಮಣ್ಣ ಫ್ಯೂಸ್ ಹಿಡಿದರೆ ದೀಪ ಹೊತ್ತಲಿಲ್ಲ, ನಾನು ಹಿಡಿದಾಗ ಹೊತ್ತಿತು. ಅಲ್ಲಿಗೆ ಲೆಕ್ಕ ಮುಗಿಯಿತು ಅಂತ. ನಾನು ಅವರ ಕಡೆ ತಿರುಗಿಯೂ ನೋಡದೆ ಪುಟ್ಟಸ್ವಾಮಣ್ಣನ ಮುಂದೆ ಕೈ ಚಾಚಿದೆ. ಫ್ಯೂಸ್ ಕೊಡಿ ಅಂದೆ.

ಅವರು ಕೊಡಲಿಲ್ಲ.

“ತೆಗೀಲಿಲ್ಲ ಕಣಮ್ಮ,” ಅಂದರು. “ಪೆಟ್ಟಿಗೆಗೆ ಕೈ ಹಾಕಕ್ಕೆ ಆಗ್ಲಿಲ್ಲ. ನಿನ್ನೆ ಹಿಡ್ಕಂಡ್ರಲ್ಲ... ನನ್ನ ಅದೇ ಕೈ. ಮೇಲೇಳ್ಲಿಲ್ಲ. ಹೇಳಕ್ಕೆ ನಾಚ್ಕೆ ಆಯ್ತು, ಹೂಂ ಅಂದ್ಬುಟ್ಟೆ.”

ನಾನು ಪೆಟ್ಟಿಗೆಯ ಬಾಗಿಲು ಎಳೆದೆ. ಫ್ಯೂಸ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಮೇಲೆ ಮಿಣುಕದಿದ್ದ ಅದೇ ಟೆಸ್ಟರ್ ಇಟ್ಟರೆ ಫ್ಯೂಸಿನ ಎರಡೂ ಕಡೆ ಫಳಫಳ ಉರಿಯಿತು. ಮೇಲೆ ಹೋಗುವ ತಂತಿಯಲ್ಲಿ ಇಷ್ಟು ಹೊತ್ತೂ ಕರೆಂಟ್ ಇತ್ತು. ಆ ತಂತಿಯನ್ನು ನಾನು ಬರಿಗೈಯಲ್ಲಿ ಹಿಡಿದಿದ್ದೆ.

ಮ್ಯಾನೇಜರ್ ನಗು ಅಲ್ಲೇ ಒಣಗಿತು. ಅಷ್ಟರಲ್ಲಿ ತಲೆಯ ಮೇಲೆ ದೀಪಗಳೆಲ್ಲ ಒಟ್ಟಿಗೆ ಫಕ್ಕನೆ ಹೊತ್ತಿದವು, ಬೆಳ್ಳಗೆ, ಹೊಸ ದೀಪಗಳು ಹೊತ್ತಬೇಕಾದ ಹಾಗೆ. ನಮ್ಮಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ. ಪುಟ್ಟಸ್ವಾಮಣ್ಣ ರಸ್ತೆಬದಿಯಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡರು. ನಾನು ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೂಬಿಟ್ಟೆ.

ಈ ವಿಷಯ ಹೊರಗೆ ಹೋಗುವುದು ಬೇಡ ಅಂದರು ಮ್ಯಾನೇಜರ್. ಹೋಗುತ್ತದೆ ಸಾರ್, ನಾನೇ ಹೇಳ್ತೀನಿ ಅಂದೆ. ಮರುದಿನ ಹುಡುಗರೆಲ್ಲರ ಮುಂದೆ ಪುಟ್ಟಸ್ವಾಮಣ್ಣ ತಾವಾಗಿಯೇ ನಿಂತು, ಭಾಗ್ಯ ಸುಳ್ಳು ಹೇಳಿಲ್ಲ ಅಂತ ಹೇಳಿದರು. ಈಗಲೂ ನಾನು ಕೆಳಗೆ ನಿಂತರೆ ಜನ ಮೇಲೆ ಹತ್ತುತ್ತಾರೆ. ನಾನು ಆಫೀಸಿನಲ್ಲಿ ಕೂರಲಿಲ್ಲ, ಕೂರುವುದೂ ಇಲ್ಲ.

ಆದರೆ ಒಂದು ಯೋಚನೆ ಬಂದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಎರಡನೇ ರಾತ್ರಿ ನನ್ನ ಕೈಗೆ ಕರೆಂಟ್ ಬರದ ಹಾಗೆ ಯಾರೋ ತಡೆದರು. ಹಾಗಾದರೆ ಮೊದಲ ರಾತ್ರಿ ಪುಟ್ಟಸ್ವಾಮಣ್ಣನ ಕೈ ಹಿಡಿದದ್ದು ಯಾತಕ್ಕೆ, ಸಾಯಿಸಲಿಕ್ಕಾ, ಕಾಪಾಡಲಿಕ್ಕಾ? ನಾನು ಬುಡು ಅಂತ ಗದರಿದ್ದು ಯಾರಿಗೆ?

ಆ ಬೋರ್ಡಿನ ಕೆಳಗೆ ಹೋದಾಗಲೆಲ್ಲ, ಯಾರಪ್ಪಾ ನೀನು ಅಂತ ಒಂದು ಸಲ ಕೇಳಿಬಿಡೋಣ ಅನಿಸುತ್ತದೆ. ಮ್ಯಾನೇಜರಿಗೆ ಹೆದರದ ಬಾಯಿ ಅಲ್ಲಿ ಕಟ್ಟಿಹೋಗುತ್ತದೆ. ಉತ್ತರ ಬಂದುಬಿಟ್ಟರೆ...