ಕಾಲಿದ್ದ ಆವು

ಬಿ.ಜಿ. ಕೆರೆಯ ಹುಲಿಯಪ್ಪನಿಗೆ ಹಾವೆಂದರೆ ಹಗ್ಗದ ತುಂಡು, ದನವೆಂದರೆ ಜೀವಭಯ. ಮಾರುದ್ದದ ನಾಗರವನ್ನು ಹಿಡಿದು ಚೀಲಕ್ಕಿಳಿಸಿ ಗುಡ್ಡಕ್ಕೆ ಬಿಟ್ಟುಬರುವವನು, ಬೀದಿಯಲ್ಲಿ ಎಮ್ಮೆ ಎದುರಾದರೆ ಯಾರದೋ ಜಗಲಿ ಹತ್ತಿ ನಿಲ್ಲುತ್ತಿದ್ದ. ಚಿಕ್ಕವನಿದ್ದಾಗ ಹೋರಿಯೊಂದು ಅವನನ್ನು ಎತ್ತಿ ಕಳ್ಳಿಬೇಲಿಗೆ ಎಸೆದಿತ್ತು. ಮುಳ್ಳು ತೆಗೆದರು, ಹೆದರಿಕೆ ಒಳಗೇ ಉಳಿಯಿತು. ಮನೆಯ ದನಕರುಗಳೆಲ್ಲ ಹೆಂಡತಿ ನಾಗಕ್ಕನ ಪಾಲಿಗೆ. ಕರು ಹಾಕಲಾಗದೆ ಒದ್ದಾಡುವ ಹಸುವಿಗೆ ಅವಳ ಕೈಗುಣವೇ ಬೇಕೆಂದು ಸುತ್ತಮುತ್ತಲಿನವರು ಕರೆಸುತ್ತಿದ್ದರು.

ತೊಂಬತ್ತೇಳರ ಬೇಸಿಗೆಯಲ್ಲಿ ಒಂದು ದಿನ ಎಸ್‌ಟಿಡಿ ಬೂತಿನ ಮಹಾಂತೇಶ ಏದುಸಿರು ಬಿಡುತ್ತ ಬಂದ. ಅವನು ದಾವಣಗೆರೆ ಕಡೆಯವನು, ತೆಲುಗು ಅಷ್ಟಕ್ಕಷ್ಟೆ. ರಾಂಪುರದಾಚೆ ಗಡಿಹಳ್ಳಿಯ ದಾಸಣ್ಣನ ಮನೆಯಿಂದ ಫೋನು, ಅವನ ತಾಯಿ ಅಳುತ್ತಿದ್ದಳು, ಅವಳ ಮಾತಿನಲ್ಲಿ 'ಆವು' ಎಂಬುದೊಂದೇ ತಿಳಿಯಿತು ಎಂದ. ಆ ಸೀಮೆಯ ನಾಲಿಗೆಯಲ್ಲಿ ಹಾವಿಗೆ ಹಕಾರವೇ ಇಲ್ಲ. ಹುಲಿಯಪ್ಪ ಚೀಲ, ಕವೆಗೋಲು ಹಿಡಿದು ಬಸ್ಸು ಹತ್ತಿದ. ನಾಗಕ್ಕ ಹೊಲದಲ್ಲಿದ್ದಳು.

ದಾಸಣ್ಣ ದನದ ಡಾಕ್ಟರನ್ನು ಹುಡುಕಿಕೊಂಡು ಮೊಳಕಾಲ್ಮುರಿಗೆ ಹೋಗಿದ್ದ. ಅವನ ತಾಯಿ ಮೂಗಮ್ಮ ಹುಲಿಯಪ್ಪನ ಹಿಂದೆ ಮುಂದೆ ನಾಗಕ್ಕನನ್ನು ಹುಡುಕಿ, ಕೊನೆಗೆ ಬಂದವನೇ ಸಾಕೆಂದು ಕತ್ತಲೆಯ ಕೊಟ್ಟಿಗೆಯತ್ತ ಕೈ ತೋರಿಸಿದಳು.

"ತಲೆ ಎತ್ತೈತೇನವ್ವಾ?" ಎಂದು ಹುಲಿಯಪ್ಪ ಕೇಳಿದ.

ಮುದುಕಿ ತೆಲುಗು ಕನ್ನಡ ಎರಡನ್ನೂ ಕಲಸಿ ಹೇಳಿದಳು: "ತಲೆ ರಾಲೇದು, ಬಂದಿಲ್ಲ ನಾಯನಾ. ಕಾಲು ಮಾತ್ರ ಬಂದೈತೆ."

ಹುಲಿಯಪ್ಪ ನಿಂತಲ್ಲೇ ನಿಂತ. ಹಿಡಿದ ಹಾವುಗಳಲ್ಲಿ ಒಂದಕ್ಕೂ ಕಾಲಿರಲಿಲ್ಲ. ಕುಲದೇವರನ್ನು ನೆನೆದು ಕವೆಗೋಲು ಮುಂದೆ ಮಾಡಿ ಒಳಗೆ ಇಣುಕಿದರೆ, ಎರಡು ದೊಡ್ಡ ಕಣ್ಣು, ಅವುಗಳ ಮೇಲೆರಡು ಕೊಂಬು. ಹಿಂದಕ್ಕೆ ನೆಗೆಯಲು ಹೋದವನ ಅಂಗಿಯನ್ನು ಮೂಗಮ್ಮ ಬಿಗಿಯಾಗಿ ಹಿಡಿದಿದ್ದಳು. ತೆಲುಗಿನಲ್ಲಿ ಆವು ಎಂದರೆ ಹಸು ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ, ಆ ಹೊತ್ತಿಗೆ ಹೊಳೆದಿರಲಿಲ್ಲ ಅಷ್ಟೆ.

ಹಸು ನರಳಿತು. ಆ ದನಿ ಕೇಳಿದ ಮೇಲೆ ಓಡಲು ಅವನಿಗೆ ಮನಸ್ಸಾಗಲಿಲ್ಲ. ಕೊಂಬು ಕಾಣದಂತೆ ಹಿಂದಿನಿಂದ ಹೋಗಿ, ಕಣ್ಣು ಮುಚ್ಚಿ, ಜಾರುವ ಕಾಲುಗಳನ್ನು ಹಾವಿನ ಬಾಲ ಹಿಡಿದಂತೆ ಹಿಡಿದ. ಹಸು ತಿಣುಕಿದಾಗ ಎಳೆದ, ಸುಮ್ಮನಾದಾಗ ತಾನೂ ಸುಮ್ಮನಾದ. ಕಡೆಗೊಮ್ಮೆ ಕರುವೂ ಅವನೂ ಒಟ್ಟಿಗೇ ಹುಲ್ಲಿನ ಮೇಲೆ ಉರುಳಿದರು.

ಸುದ್ದಿ ತಿಳಿದು ಮುಂದಿನ ಬಸ್ಸಿಗೆ ನಾಗಕ್ಕ ಬಂದಾಗ, ಗಂಡ ಹಾವಿನ ಚೀಲದಿಂದ ಕರುವಿನ ಮೈ ಒರೆಸುತ್ತಿದ್ದ. ಅವಳು ನಗಲಿಲ್ಲ. ಪಕ್ಕದಲ್ಲಿ ಕೂತು, "ಮೂಗಿನೊಳಗೂ ಒರೆಸ್ರಿ, ಉಸಿರಾಡ್ಬೇಕಲ್ಲ," ಎಂದಳು. ನಕ್ಕಿದ್ದೆಲ್ಲ ಮನೆಗೆ ಬಂದ ಮೇಲೆ.

ಊರಿನ ನಿವೃತ್ತ ಮೇಷ್ಟ್ರು ಬೊಮ್ಮಲಿಂಗಪ್ಪನವರು ಕಟ್ಟೆಯ ಮೇಲೆ ಇದರ ಬೇರು ಅಗೆದರು. ಹಳಗನ್ನಡದಲ್ಲೂ ಆವು ಎಂದರೆ ಹಸುವೇ, ತಮಿಳರಿಗೂ ಅದು 'ಆ'. ಹಾವು ಮೊದಲು 'ಪಾವು' ಆಗಿತ್ತು, ತೆಲುಗರಲ್ಲಿ ಪಾಮು, ತಮಿಳರಲ್ಲಿ ಪಾಂಬು. ನಮ್ಮಲ್ಲಿ ಪಕಾರ ಹಕಾರವಾಯಿತು, ಈ ಸೀಮೆಯಲ್ಲಿ ಅದೂ ಉದುರಿತು ಎಂದರು.

ಹುಲಿಯಪ್ಪ ಗಂಭೀರವಾಗಿ ಕೇಳಿಸಿಕೊಂಡ. "ಹಂಗಾರೆ ತಪ್ಪು ನಮ್ದೇ ಐತೆ ಮೇಷ್ಟ್ರೇ. ಊರೋರೆಲ್ಲ ಸೇರಿ ಒಂದಕ್ಷರ ನುಂಗಿದ್ರು, ಹೆರಿಗೆ ನಾನು ಮಾಡಿಸ್ದೆ."

ಅಲ್ಲಿಂದ ಮುಂದೆ ಬೂತಿಗೆ ಯಾರ ಫೋನು ಬಂದರೂ ಮಹಾಂತೇಶ ಮೊದಲು ಕೇಳುತ್ತಿದ್ದದ್ದು, ಅದು ತೆವಳುತ್ತೋ ನಡೆಯುತ್ತೋ ಎಂದು.