ನಾದಿನಿಯ ಪ್ಲಗ್ಗು

ತಿ. ನರಸೀಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಮದುವೆಯಾದ ವರ್ಷದಿಂದಲೂ ಹೆಂಡತಿಯ ತವರಾದ ಹದಿನಾರು ಎಂಬ ಊರಿನಲ್ಲಿ ಕರೆಂಟಿನ ವಿಷಯಕ್ಕೆ ನನ್ನ ಮಾತೇ ಕೊನೆ. ಮಿಕ್ಸಿ ಕೆಟ್ಟರೂ, ಕೊಟ್ಟಿಗೆಯ ಟ್ಯೂಬ್‌ಲೈಟು ಮಿಣುಕಿದರೂ ಮಾವನವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಅಳಿಯಂದ್ರು ಬರ್ಲಿ" ಎನ್ನುತ್ತಿದ್ದರು. ನಾನು ಹೋಗಿ ಜೇಬಿನಿಂದ ಟೆಸ್ಟರ್ ತೆಗೆದರೆ ಮನೆಮಂದಿಯೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಹಾಗೆ ನೋಡುವುದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಅದು ಕೈತಪ್ಪಿದ ಮೇಲೆ ತಿಳಿಯಿತು.

ತಪ್ಪಿಸಿದವಳು ನನ್ನ ನಾದಿನಿ, ಹೆಂಡತಿಯ ತಂಗಿ. ನಂಜನಗೂಡಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತಾಳೆ. ನಮ್ಮ ಮದುವೆಯ ಹೊತ್ತಿಗೆ ಏಳನೇ ಕ್ಲಾಸಿನಲ್ಲಿದ್ದಳು. ಫ್ಯೂಸು ಎಂದರೇನು ಅಂತ ಅವಳಿಗೆ ಹೇಳಿಕೊಟ್ಟವನು ನಾನೇ.

ಒಂದು ಭಾನುವಾರ ಹದಿನಾರಿಗೆ ಊಟಕ್ಕೆ ಹೋದಾಗ ಮಾವ ಬಾಗಿಲಲ್ಲೇ ಹಿಡಿದುಕೊಂಡರು.

"ಅಳಿಯಂದ್ರೇ, ಫ್ರಿಜ್ಜು ಎಷ್ಟು ಕರೆಂಟು ಕುಡಿತದೆ ಅಂತ ಇವ್ಳ ಫೋನೇ ಏಳ್ತದೆ ಕಣ್ರೀ! ಬನ್ನಿ, ನೋಡ್ಬನ್ನಿ."

ಫ್ರಿಜ್ಜಿನ ವೈರಿಗೂ ಗೋಡೆಯ ಸಾಕೆಟ್ಟಿಗೂ ನಡುವೆ ಒಂದು ದಪ್ಪ ಬಿಳಿ ಪ್ಲಗ್ಗು ಕೂತಿತ್ತು. ನಾದಿನಿಯ ಫೋನಿನಲ್ಲಿ ತೊಂಬತ್ತನಾಲ್ಕು ವ್ಯಾಟ್ ಎಂದು ತೋರಿಸುತ್ತಿತ್ತು. ಕಂಪನಿಯವರು ಆ ಪ್ಲಗ್ಗಿನ ಚಿಪ್ಪಿಗೆ ತುಂಬಿಸಿದ ಪ್ರೋಗ್ರಾಮನ್ನು ಅಳಿಸಿ, ಬೇರೆಯದೊಂದು ಫರ್ಮ್‌ವೇರನ್ನು ತಾನೇ ತುಂಬಿಸಿದ್ದೇನೆ ಎಂದಳು. ಈಗ ಅದು ಯಾವ ಕಂಪನಿಯನ್ನೂ ಕೇಳದೆ ಮನೆಯ ವೈಫೈಯಲ್ಲೇ ಮಾತಾಡುತ್ತದೆ, ಫ್ರಿಜ್ಜು ತುಂಬ ಹೊತ್ತು ನಿಂತರೆ ಅವಳಿಗೆ ಮೆಸೇಜು ಕಳಿಸುತ್ತದೆ. ಬಾಮೈದ, ಅವನ ಹೆಂಡತಿ, ಮಕ್ಕಳು ಎಲ್ಲರೂ ಅವಳ ಸುತ್ತ ನಿಂತಿದ್ದರು. ನಾನು "ಚೆನ್ನಾಗಿದೆ" ಎಂದೆ. ಅಂದು ಕೋಳಿಸಾರನ್ನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಹೊರಡುವ ಮುಂಚೆ, ಏನೂ ಆಸಕ್ತಿ ಇಲ್ಲದವನಂತೆ, ಹೇಗೆ ಮಾಡಿದೆ ಎಂದು ಕೇಳಿದೆ. ಅವಳು ಸಂತೋಷದಿಂದ ಚೀಟಿಯಲ್ಲೇ ಬರೆದುಕೊಟ್ಟಳು: ಯಾವ ಪ್ಲಗ್ಗು, ಎಲ್ಲೆಲ್ಲಿ ವೈರು ಬೆಸೆಯಬೇಕು, ಲ್ಯಾಪ್‌ಟಾಪಿನಿಂದ ಹೇಗೆ ತುಂಬಬೇಕು. ಕೊನೆಗೆ, "ಬಾವ, ಬಿಚ್ಚಿಟ್ಟಾಗ ಮಾತ್ರ ಗೋಡೆಗೆ ಹಾಕ್ಬೇಡಿ" ಎಂದಳು. ಕರೆಂಟಿನಲ್ಲೇ ಬದುಕಿದವನಿಗೆ ಇವಳು ಎಚ್ಚರಿಕೆ ಹೇಳುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು.

ಅಂಥದ್ದೇ ಪ್ಲಗ್ಗು ತರಿಸಿದೆ. ಮನೆಯಲ್ಲಿ ಹೇಳಲಿಲ್ಲ. ಮಗಳು ಕಾಲೇಜಿಗೆ ಹೋದ ಮಧ್ಯಾಹ್ನ ಅವಳ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ಚಾರ್ಜರ್ ಹಾಕಿ ಕೂತೆ. ಪ್ಲಗ್ಗು ಬಿಚ್ಚಿ, ತೆಳ್ಳನೆಯ ವೈರುಗಳನ್ನು ಬೆಸೆದು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಜೋಡಿಸಿದೆ. ಬೆಸೆಯುವುದರಲ್ಲಿ ನನ್ನ ಕೈ ನಾದಿನಿಯ ಕೈಗಿಂತ ಹತ್ತು ಪಾಲು ಮೇಲು. ಪ್ರೋಗ್ರಾಮು ಇಳಿಯಿತು. ಇನ್ನು ಪ್ಲಗ್ಗು ತನ್ನದೇ ಹೆಸರಿನ ವೈಫೈ ತೋರಿಸಬೇಕು, ಫೋನಿನಿಂದ ಅದಕ್ಕೆ ಸೇರಿ ಅಂಗಡಿಯ ವೈಫೈ ವಿವರ ಕೊಡಬೇಕು. ಕಾದೆ, ಏನೂ ಬರಲಿಲ್ಲ. ಪ್ರೋಗ್ರಾಮು ತುಂಬಿಸಲೆಂದು ಗ್ರೌಂಡಿಗೆ ಕೊಟ್ಟ ಒಂದು ವೈರನ್ನು ಬಿಡಿಸಿ ಮತ್ತೆ ಚಾಲೂ ಮಾಡಬೇಕಿತ್ತು. ಚೀಟಿಯಲ್ಲಿ ಅದೂ ಇತ್ತು, ನಾನು ಅಷ್ಟು ಕೆಳಗೆ ಓದಿರಲಿಲ್ಲ. ಲ್ಯಾಪ್‌ಟಾಪಿನ ಪವರು ಸಾಲುತ್ತಿಲ್ಲ ಎಂದುಕೊಂಡು, ವೈರುಗಳು ಇದ್ದ ಹಾಗೇ ಪ್ಲಗ್ಗನ್ನು ಗೋಡೆಗೆ ಚುಚ್ಚಿದೆ.

ಟಪ್ ಎಂದಿತು. ಅಂಗಡಿಯ ಎಂಸಿಬಿ ಬಿದ್ದು ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಪಕ್ಕದಿಂದ ಸಣ್ಣಗೆ ಹೊಗೆ ಬಂತು.

ಸಣ್ಣ ವೋಲ್ಟೇಜು ಎಂದರೆ ಟ್ರಾನ್ಸ್‌ಫಾರ್ಮರಿನಿಂದ ಇಳಿದು ಬಂದದ್ದು, ಲೈನಿಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ನನ್ನ ಅನುಭವ. ಆ ಪ್ಲಗ್ಗಿನಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲ. ಗೋಡೆಯ ಲೈನು ನೇರವಾಗಿ ಚಿಪ್ಪಿನ ಗ್ರೌಂಡಿಗೇ ಅಂಟಿಕೊಂಡಿರುತ್ತದೆ. ನಾನು ಬೆಸೆದ ವೈರುಗಳ ಮೂಲಕ ಅದು ಲ್ಯಾಪ್‌ಟಾಪಿಗೇ ನುಗ್ಗಿತ್ತು.

ಸಂಜೆ ಮಗಳಿಗೆ, ಲೈನಿನಲ್ಲಿ ವೋಲ್ಟೇಜು ಏರುಪೇರಾಯಿತು ಎಂದೆ. ಅವಳ ಪ್ರಾಜೆಕ್ಟು ಅದರಲ್ಲೇ ಇತ್ತು. ಅಳತೊಡಗಿದಳು. "ನಿಮ್ ಚಿಕ್ಕಮ್ಮನ್ನ ಕರೀತೀನಿ ಇರು" ಎಂದಳು ಹೆಂಡತಿ. ಮನೆಯಲ್ಲಿ ನಾನಿದ್ದಾಗಲೇ.

ಭಾನುವಾರ ನಂಜನಗೂಡಿನ ಬಸ್ಸಿನಲ್ಲಿ ನಾದಿನಿ ಬಂದಳು. ಲ್ಯಾಪ್‌ಟಾಪನ್ನು ಬೆಳಕಿಗೆ ಹಿಡಿದು ಕಪ್ಪಾದ ಯುಎಸ್‌ಬಿ ಕಿಂಡಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ತಿಳಿದುಹೋಯಿತು.

"ವೋಲ್ಟೇಜಿಂದಾನೇ ಆಗಿರೋದು" ಎಂದಳು. "ಡಿಸ್ಕಿಗೆ ಏನೂ ಆಗಿರಲ್ಲ. ನಿನ್ ಪ್ರಾಜೆಕ್ಟು ಸಿಗ್ತದೆ, ಅಳ್ಬೇಡ."

ನನ್ನ ಸುಳ್ಳನ್ನು ಅವಳೇ ಕಾಪಾಡಿದಳು. ಎಲ್ಲರೆದುರು ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ವಿದ್ಯೆ ಅವಳದೇ, ದೊಡ್ಡತನವೂ ಅವಳದೇ ಆಯಿತು.

ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ಹೇಳಿಬಿಟ್ಟೆ. "ಗೋಡೆಗೆ ಹಾಕಿದ್ದು ನಾನೇ ಕಣಮ್ಮ."

"ಗೊತ್ತಾಯ್ತು ಬಾವ. ನಾನೂ ಮೊದಲ್ನೇದನ್ನ ಹಂಗೇ ಸುಟ್ಟಿದ್ದು. ಪುಣ್ಯಕ್ಕೆ ಪ್ಲಗ್ಗು ಮಾತ್ರ ಹೋಯ್ತು."

"ನೀನೂ ಸುಟ್ಟಿದ್ದನ್ನ ಅವತ್ತೇ ಹೇಳೋದಲ್ವಾ?"

ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತಳು. "ನಿಮ್ಮ ಮುಂದೆ ಹೆಂಗೆ ಹೇಳ್ಲಿ? ಚಿಕ್ಕೋಳಿದ್ದಾಗ ಸ್ವಿಚ್ ಮುಟ್ಟಿದ್ರೂ ಅಪ್ಪ ಬೈಯೋರು. ಫಿಸಿಕ್ಸಲ್ಲಿ ಫಸ್ಟ್ ಬಂದ್ರೂ ಅಷ್ಟೇ. ಎಷ್ಟು ವರ್ಷ ನಿಮ್ಮನ್ನ ನೋಡಿ ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ?"

ಬಸ್ಸು ಬಂತು, ಹತ್ತಿ ಹೋದಳು.

ಮುಂದಿನ ವಾರ ಅವಳೇ ಹೊಸ ಪ್ಲಗ್ಗು ಹಿಡಿದು ಅಂಗಡಿಗೆ ಬಂದಳು. ನಾನು ಬೆಸೆದೆ, ಅವಳು ಪ್ರೋಗ್ರಾಮು ತುಂಬಿದಳು. ವೈರುಗಳನ್ನೆಲ್ಲ ತೆಗೆದು, ಮುಚ್ಚಳ ಹಾಕಿ, ಆಮೇಲೆ ಗೋಡೆಗೆ ಹಾಕಿದೆವು. ಫೋನಿನಲ್ಲಿ ಅದರ ವೈಫೈ ಕಾಣಿಸಿತು. ಅಂಗಡಿಯ ವೈಫೈ ಹೆಸರು, ಪಾಸ್‌ವರ್ಡು ಕೊಟ್ಟೆವು. ನಾನು ಹಳೆಯ ನೂರು ವ್ಯಾಟಿನ ಬಲ್ಬೊಂದನ್ನು ತಂದು ಅದಕ್ಕೆ ಹಾಕಿದೆ. ಪ್ಲಗ್ಗು ಎಂಬತ್ತೇಳು ಎಂದಿತು. ನನ್ನ ಮೀಟರು ತೊಂಬತ್ತೇಳು ಎಂದಿತು.

"ಹದಿನಾರಿನ ಮನೆಯ ಪ್ಲಗ್ಗನ್ನ ಮೀಟರಿಗೆ ಹಿಡಿದು ಸರಿ ಮಾಡಿದ್ದೆಯಾ?" ಎಂದೆ.

"ಇಲ್ಲ ಬಾವ. ಮೀಟರೆಲ್ಲಿತ್ತು ನನ್ಹತ್ರ?"

ಹಾಗಾದರೆ ಮಾವ ಹೆಮ್ಮೆಪಟ್ಟ ಲೆಕ್ಕ ಸರಿಯಿದ್ದಿರಲಾರದು. ಆ ಗಳಿಗೆ ನನಗಾದ ಖುಷಿ ಒಳ್ಳೆಯ ಖುಷಿಯಲ್ಲ. ಆದರೂ ಮೀಟರಿನ ಅಂಕಿಯನ್ನು ಹೇಗೆ ಟೈಪು ಮಾಡಿ ಪ್ಲಗ್ಗನ್ನು ತಿದ್ದಬೇಕೆಂದು ಅವಳು ತೋರಿಸಿದಳು, ಮೀಟರು ಹಿಡಿಯುವುದನ್ನು ನಾನು ತೋರಿಸಿದೆ. ಮಾವನಿಗೆ ಇಬ್ಬರೂ ಹೇಳಲಿಲ್ಲ. ಹದಿನಾರಿಗೆ ಹೋಗಿ ಸುಮ್ಮನೆ ಸರಿ ಮಾಡಿ ಬಂದೆವು.

ಮಗಳಿಗೆ ಮಾತ್ರ ನಿಜ ಹೇಳಿದೆ. ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ, ತಾನೂ ಈ ಕೆಲಸ ಕಲಿಯಬೇಕು ಎಂದಳು. ನಾನು ಕೂಡಲೇ, "ಬಾ ಮಗಳೇ, ಅಂಗಡಿಗೆ ಬಾ, ಹೇಳ್ಕೊಡ್ತೀನಿ" ಎಂದೆ.

"ನೀನು ಬೇಡಪ್ಪ. ಚಿಕ್ಕಮ್ಮನ ಹತ್ರ ಕಲಿತೀನಿ."

ಈಗ ಪ್ರತಿ ಶನಿವಾರ ಮಧ್ಯಾಹ್ನ ನಂಜನಗೂಡಿನ ಬಸ್ಸಿಗೆ ಮಗಳನ್ನು ಹತ್ತಿಸುವವನು ನಾನೇ. ಬಸ್ಸು ಹೊರಟ ಮೇಲೆ ಅಂಗಡಿಗೆ ಬಂದು ಕೂತರೆ ಒಂದು ಗಂಟೆ ಯಾವ ಕೆಲಸಕ್ಕೂ ಕೈ ಹೋಗುವುದಿಲ್ಲ.